ಸೋಸದ ಡ್ರೈವ್

ವಾಸನೆಯನ್ನು ಡಿಸ್ಕಿನಲ್ಲಿ ತುಂಬಿಡುವುದು ಫೋಟೊ ತೆಗೆಸಿದಷ್ಟೇ ಸಾಮಾನ್ಯವಾಗಿದ್ದ ಕಾಲ. ನೀಲವ್ವ ಪುಟ್ಟ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಅಪ್ಪನ ಕೈ ಹಿಡಿದು ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಗೆ ಬಂದಳು. ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಜಾಗವಿರಲಿಲ್ಲ. ಹೊರಗಿನಿಂದ ಜೋಡಿಸುವ ಡ್ರೈವ್ ಬೇಕಿತ್ತು. ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ಊಟವೂ ಬೇಡ, ಮಾತೂ ಬೇಡ. ಅವ್ವನ ಅಡುಗೆಮನೆಯ ವಾಸನೆ ಒಂದು ಡಿಸ್ಕಿನಲ್ಲಿ ಮಾತ್ರ ಉಳಿದಿತ್ತು.

ಅಂಗಡಿಯ ಮಹಾಂತೇಶ ತೆಳ್ಳನೆಯ ಡ್ರೈವಿಗೆ ಮಲ್ಲಿಗೆಯ ಡಿಸ್ಕ್ ಹಾಕಿದ. ಅಂಗಡಿ ಘಮ್ಮೆಂದಿತು.

“ಮಲ್ಲಿಗಿ ಯಾವುದ್ರಾಗ ಹಾಕಿದ್ರೂ ಘಮ್ ಅಂತೈತಿ, ತಮ್ಮಾ. ನಂದು ಹಾಕು,” ಎಂದಳು ನೀಲವ್ವ.

ಜೋಳದ ರೊಟ್ಟಿಯ ವಾಸನೆ ಹಿತವಾಗಿ ಹರಡಿತು. ಕುರ್ಚಿಯಲ್ಲಿದ್ದ ಅಪ್ಪ ಗೋಡೆ ನೋಡುತ್ತಲೇ ಇದ್ದ.

“ಇದರಾಗ ಹೊಗಿ ಎಲ್ಲಿ ಹೋತು?” ಎಂದು ನೀಲವ್ವ ಕೇಳಿದಳು.

“ಹೊಗಿ, ಕರಕಲು ಎಲ್ಲಾ ತಾನ ಸೋಸ್ತೈತ್ರೀ ಅಕ್ಕಾರ. ಹೊಸಾ ಮಾಲು!”

“ನಮ್ಮವ್ವನ್ನ ಸೋಸಿದ್ರ ಏನ್ ಉಳೀತೈತೋ? ಸೋಸಲಾರದ್ದು ತೋರ್ಸು.”

ಮಹಾಂತೇಶ ನಗುತ್ತ, ಮೂಲೆಯಲ್ಲಿದ್ದ ಇಟ್ಟಿಗೆಯಂಥ ಹಳೆಯ ಡ್ರೈವಿನ ದೂಳು ಒರೆಸಿ ಜೋಡಿಸಿ, ಅದೇ ಡಿಸ್ಕ್ ಹಾಕಿದ. ಅದು ಗುರ್ರೆಂದು ತಿರುಗಿತು. ಮೊದಲು ಒಲೆಯ ಹೊಗೆಯ ವಾಸನೆ ಬಂತು, ಹಿಂದೆಯೇ ಅಂಚು ಹೊತ್ತಿದ ರೊಟ್ಟಿಯದು. ಅವ್ವ ಪಕ್ಕದ ಮನೆಯವಳೊಡನೆ ಮಾತಿಗೆ ನಿಂತರೆ ಒಂದಾದರೂ ರೊಟ್ಟಿ ಹೊತ್ತಲೇಬೇಕಿತ್ತು.

ಅಪ್ಪನ ಮೂಗು ಅರಳಿತು.

“ಏ ಇವಳ, ರೊಟ್ಟಿ ಹೊತ್ತಾಕತ್ತೇತಿ! ಮಾತು ಸಾಕು, ತಿರುವಿ ಹಾಕ!” ಎಂದು ಗದರಿದ. ಗದರಿದ ಮೇಲೆ ಸುತ್ತ ನೋಡಿ, ಮಗಳನ್ನು ಕಂಡು, ಮೆಲ್ಲಗೆ ಅಂದ: “ಹಸಿವಾಗೇತಿ, ನೀಲಾ.”

“ಇದನ್ನ ಕಟ್ಟು, ತಮ್ಮಾ,” ಎಂದು ಹೇಳಿ ನೀಲವ್ವ ಚೀಲದಿಂದ ಬುತ್ತಿ ತೆಗೆದು ಬಿಚ್ಚಿದಳು. ಬೆಳಿಗ್ಗೆ ಬೇಕೆಂದೇ ಅಂಚು ಹೊತ್ತಿಸಿ ತಂದಿದ್ದ ರೊಟ್ಟಿ ಅದರಲ್ಲಿತ್ತು.