ರಾಜ್ಯದ ಕೊನೆಯ ಕುಡುಕ

ಕುಡಿತ ಬಿಡಿಸುವ ಚುಚ್ಚುಮದ್ದು ಬಂದ ಮೇಲೆ ರಾಜ್ಯದಲ್ಲಿ ಕುಡುಕರೆಂದು ಉಳಿದದ್ದು ತಿಪ್ಪೇರುದ್ರಪ್ಪ ಒಬ್ಬರೇ. ನಮ್ಮ ವ್ಯಸನ ಸಂಶೋಧನಾ ಕೇಂದ್ರದ ಹದಿನಾಲ್ಕು ವಿಜ್ಞಾನಿಗಳು ಅವರೊಬ್ಬರನ್ನೇ ಅಧ್ಯಯನ ಮಾಡುತ್ತಿದ್ದರು. ಅವರ ಲೋಟ ತೊಳೆಯುವ ಕೆಲಸ ನನ್ನದು.

ಇವತ್ತು ಅವರು ತುಂಬಿದ ಲೋಟವನ್ನು ಮುಟ್ಟಲಿಲ್ಲ.

"ನಾನೂ ಸೂಜಿ ಚುಚ್ಚಿಸ್ಕೊಂತೀನಿ ಮೇಡಂ. ಕುಡಿಯೋ ಕೈಗೆ ಮೊಮ್ಮಗಳನ್ನ ಕೊಡಲ್ಲ ಅಂತಾಳೆ ಮಗಳು."

ನಿರ್ದೇಶಕಿಗೆ ಗಾಬರಿಯಾಯಿತು. "ನೀವು ಬಿಟ್ರೆ ಕೇಂದ್ರಾನೇ ಮುಚ್ತಾರಪ್ಪಾ! ಈ ವರದಿ ಒಂದು ಮುಗೀಲಿ."

"ಅದು ಮುಗಿಯೋದ್ರೊಳಗೆ ಆ ಕೂಸೇ ಬಂದು ನಿಮ್ಮಲ್ಲಿ ಕೆಲಸಕ್ಕೆ ಸೇರ್ತಾಳೆ ಬಿಡ್ರಿ," ಎಂದು ನಕ್ಕು ಅವರು ಎದುರಿನ ಆಸ್ಪತ್ರೆಗೆ ನಡೆದೇಬಿಟ್ಟರು.

ವಿಜ್ಞಾನಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ನಿರ್ದೇಶಕಿ ಲೋಟವನ್ನು ನನ್ನ ಕಡೆಗೆ ಸರಿಸಿ ಮೆತ್ತಗೆ ಕೇಳಿದರು:

"ಹೊನ್ನಮ್ಮಾ, ನಿನ್ನ ಕೆಲಸ ಕಾಯಂ ಮಾಡಿಸೋಣ್ವಾ?"