ಒಂದೇ ಡಬ್ಬಿಯ ಫ್ರೀಜರ್

ಬಿರುಗಾಳಿಗೆ ಲೋಗನ್ ಪಟ್ಟಣದ ಆ ಬೀದಿಯ ವಿದ್ಯುತ್ ತಂತಿಗಳೆಲ್ಲ ನೆಲ ಕಂಡ ಮಾರನೆಯ ಮಧ್ಯಾಹ್ನ, ಪಕ್ಕದ ಮನೆಯ ಮುದುಕ ಡೆಸ್ ದೊಡ್ಡದೊಂದು ಬುಟ್ಟಿ ಹಿಡಿದು ಮೆರೆಯಾನಳ ಬಾಗಿಲಿಗೆ ಬಂದ. ಎಲ್ಲರ ಮನೆಯ ಮಾಂಸವೂ ಕರಗುತ್ತಿತ್ತು. ಕೆಡುವ ಮೊದಲು ಬೀದಿಯಲ್ಲೇ ಒಲೆ ಹೂಡಿ, ಎಲ್ಲವನ್ನೂ ಸುಟ್ಟು, ಎಲ್ಲರೂ ಸೇರಿ ತಿಂದು ಮುಗಿಸುವುದೆಂದು ಆಗಿತ್ತು. ಮೆರೆಯಾನ ಮಗಳನ್ನು ಸೊಂಟದ ಮೇಲಿಟ್ಟುಕೊಂಡೇ ಸಾಸೇಜು, ಕುರಿಯ ತೊಡೆ, ಮೀನು ಎಲ್ಲ ತೆಗೆದು ಬುಟ್ಟಿಗೆ ಹಾಕಿದಳು. ಪುಟ್ಟ ಕಹು ಹೊಸದಾಗಿ ಮೂಡಿದ ಹಲ್ಲಿನಿಂದ ಅಮ್ಮನ ಭುಜ ಕಡಿಯುತ್ತಿದ್ದಳು.

"ಗ್ಯಾರೇಜಲ್ಲಿ ಇನ್ನೊಂದು ಫ್ರೀಜರ್ ಇದೆಯಲ್ಲ ತಾಯಿ, ಯಾವಾಗ್ಲೂ ಗುಂಯ್ ಅಂತಿರುತ್ತೆ," ಅಂದ ಡೆಸ್. "ನೀವು ನ್ಯೂಜಿಲೆಂಡಿನವರು ಒಳ್ಳೇ ಕುರಿಮಾಂಸ ನಮ್ಮ ಕಣ್ಣಿಗೆ ಬೀಳಿಸಲ್ಲ, ನಂಗೊತ್ತು."

"ಅದರಲ್ಲಿ ತಿನ್ನೋಂಥದ್ದು ಏನಿಲ್ಲ, ಡೆಸ್," ಅಂದಳು ಮೆರೆಯಾನ.

ಅದರಲ್ಲಿದ್ದುದು ಒಂದೇ ಡಬ್ಬಿ. ಹೆರಿಗೆಯಲ್ಲಿ ಕಹುವಿನ ಹಿಂದೆ ಬಂದ ಮಾಸು. ಮಾಸು ಹೂತ ನೆಲವೇ ಮಗುವಿನ ನೆಲ ಎಂದು ನಂಬಿದ ಮಾವೋರಿ ಜನ ಅವರು. ಮೆರೆಯಾನಳದು, ಅವಳ ಅಮ್ಮನದು, ಅಜ್ಜಿಯದು, ಎಲ್ಲವೂ ಸಮುದ್ರದಾಚೆ ನ್ಯೂಜಿಲೆಂಡಿನ ಹೊಕಿಯಾಂಗದ ಗುಡ್ಡದ ಬುಡದಲ್ಲಿವೆ. ತಿನ್ನುವ ಪದಾರ್ಥದ ಜೊತೆ ಇಡಬಾರದೆಂದು, ಯಾರೋ ಮಾರುತ್ತಿದ್ದ ಹಳೆಯ ಫ್ರೀಜರನ್ನು ಅದಕ್ಕೆಂದೇ ತಂದಿದ್ದಳು. ಯಾವ ದೇಶದಲ್ಲಿ ಬಾಳುವುದೆಂದು ತೀರ್ಮಾನವಾಗಲಿ, ಅಲ್ಲಿ ಹೂಳೋಣ ಎಂದು ಗಂಡಹೆಂಡಿರಲ್ಲಿ ಮಾತಾಗಿತ್ತು.

ತೀರ್ಮಾನ ಆಗಲೇ ಇಲ್ಲ. ಗಂಡ ತಮಾತಿ ದೂರದ ಗಣಿಯಿಂದ ರಜೆಗೆ ಬಂದಾಗಲೆಲ್ಲ ಇಬ್ಬರೂ ಊಟದ ಮೇಜಿಗೆ ಕೂತು ಎರಡು ದೇಶಗಳನ್ನೂ ತೂಗುತ್ತಿದ್ದರು. ಇಲ್ಲಿ ಸಂಬಳವಿದೆ, ಬಿಸಿಲಿದೆ, ಅಲ್ಲಿ ಬೆಣ್ಣೆ ಕೊಳ್ಳಬೇಕಾದರೂ ಯೋಚಿಸಬೇಕು ಎಂದು ಅವನು ನಗುತ್ತಿದ್ದ. ಅಲ್ಲಿ ಕಹುವಿನ ಮೂಗು ನೋಡಿಯೇ ಯಾರ ಮೊಮ್ಮಗಳೆಂದು ಹೇಳುವ ಜನರಿದ್ದಾರೆ ಎಂದು ಅವಳು ಹೇಳುತ್ತಿದ್ದಳು. ಅಷ್ಟರಲ್ಲಿ ಮಗು ಅಳುತ್ತಿತ್ತು, ಚಹಾ ಆರುತ್ತಿತ್ತು, ಮುಂದಿನ ರಜೆಗೆ ನೋಡೋಣ ಎಂದು ಅವನು ಹೊರಟುಬಿಡುತ್ತಿದ್ದ. ಆಮೇಲೆ ವಾರಗಟ್ಟಲೆ ಆ ಮನೆಯಲ್ಲಿ ಅವಳೂ ಮಗುವೂ ಇಬ್ಬರೇ. ಬಟ್ಟೆ ಒಗೆಯಲು ಗ್ಯಾರೇಜಿಗೆ ಹೋದಾಗ ಅವಳು ಫ್ರೀಜರಿನ ಮೇಲೆ ಸುಮ್ಮನೆ ಕೈಯಿಟ್ಟು ನಿಲ್ಲುತ್ತಿದ್ದಳು. ಡಬ್ಬಿ ಅಲ್ಲಿರುವವರೆಗೆ ಊರಿಗೆ ಹೋಗುವ ಮಾತು ಇನ್ನೂ ಮುಗಿದಿಲ್ಲ.

ಡೆಸ್ ಅತ್ತ ಹೋದ ಮೇಲೆ ಅವಳು ಆ ಫ್ರೀಜರಿನ ಮುಚ್ಚಳ ತೆರೆದಳು. ತಳದಲ್ಲಿ ನೀರು ನಿಂತಿತ್ತು. ಡಬ್ಬಿಯನ್ನು ಒತ್ತಿದರೆ ಮೆತ್ತಗೆ ತಗ್ಗುತ್ತಿತ್ತು. ಪೇಟೆಯಲ್ಲಿ ಎಲ್ಲೂ ಮಂಜುಗಡ್ಡೆ ಇಲ್ಲ, ವಿಮಾನಗಳೂ ನಿಂತಿವೆ. ತಮಾತಿಗೆ ಫೋನ್ ಮಾಡಿದರೆ, ಇವತ್ತು ನಾಳೆ ಕರೆಂಟ್ ಬರುತ್ತೆ, ಅವಸರ ಮಾಡಬೇಡ ಎಂದು ಹೇಳಿ ಪಾಳಿಗೆ ಓಡಿದ. ಆಮೇಲೆ ಅಮ್ಮನಿಗೆ ಮಾಡಿದಳು.

"ಕೆಡೋಕೆ ಬಿಡಬೇಡ ಮಗಾ," ಅಂದಳು ಅಮ್ಮ. "ಇವತ್ತೇ ಮಣ್ಣಿಗೆ ಕೊಡು. ಆ ನೆಲದ ಹಿರಿಯರನ್ನ ಮನಸಲ್ಲೇ ಒಂದು ಮಾತು ಕೇಳ್ಕೊಂಡು ಕೊಡು."

"ಇದು ಬಾಡಿಗೆ ಮನೆ ಅಮ್ಮ. ಖಾಲಿ ಮಾಡಿ ಅಂದ್ರೆ ಬಿಟ್ಟು ಹೋಗ್ಬೇಕು."

ಮೆರೆಯಾನ ಡಬ್ಬಿಯನ್ನು ಹೊರತೆಗೆದಳು.

ಸುಟ್ಟ ಮಾಂಸದ ತಟ್ಟೆ ಹಿಡಿದು ಬಂದ ಡೆಸ್ ಕಂಡದ್ದು, ಒಂದು ತೊಡೆಯ ಮೇಲೆ ಮಗು, ಇನ್ನೊಂದರ ಮೇಲೆ ಡಬ್ಬಿ ಇಟ್ಟುಕೊಂಡು ಗ್ಯಾರೇಜಿನ ನೆಲದಲ್ಲಿ ಕೂತಿದ್ದ ಮೆರೆಯಾನಳನ್ನು. ಅವಳು ಎಲ್ಲ ಹೇಳಿದಳು. ಅವನು ತಟ್ಟೆಯನ್ನು ದೂರ ಇಟ್ಟು ಬಂದು ಗಲ್ಲ ಕೆರೆದುಕೊಂಡ.

"ನನ್ನ ಹಿತ್ತಿಲಲ್ಲಿ ಹೂಳು. ಸ್ವಂತದ್ದು. ನಾನಂತೂ ಇನ್ನು ಎಲ್ಲಿಗೂ ಹೋಗಲ್ಲ. ಮಾವಿನ ಮರದ ಕೆಳಗೆ ನನ್ನ ಹೆಂಡತಿ ಬೂದಿ ಇದೆ, ಪಕ್ಕದಲ್ಲೊಂದು ಮಗು ಇದ್ರೆ ಅವಳಿಗೂ ಖುಷಿ."

ಹುಟ್ಟಿದವರದ್ದು ತೀರಿಕೊಂಡವರ ಪಕ್ಕ ಇರಬಾರದು ಎಂದು ಮೆರೆಯಾನ ಸಂಕೋಚದಿಂದಲೇ ಹೇಳಿದಳು. ಅವನು ಬೇಸರಪಡದೆ ಗುದ್ದಲಿ ತಂದು ಇನ್ನೊಂದು ಮೂಲೆಯಲ್ಲಿ ಅಗೆದುಕೊಟ್ಟು, ಬೀದಿಯ ಒಲೆ ನೋಡಿಕೊಳ್ಳುವ ನೆಪ ಹೇಳಿ ಹೋದ. ಅವಳು ಫೋನನ್ನು ಗುಂಡಿಯ ಅಂಚಿಗಿಟ್ಟಳು. ಆಚೆಯಿಂದ ಅಮ್ಮ ಪ್ರಾರ್ಥನೆ ಶುರುಮಾಡಿದಳು. ಅರ್ಧದಲ್ಲಿ ಫೋನಿನ ಬ್ಯಾಟರಿ ಮುಗಿಯಿತು. ಉಳಿದದ್ದನ್ನು ಮೆರೆಯಾನ ತಾನೇ ಹೇಳಿದಳು. ಮರೆತ ಕಡೆಯಲ್ಲೆಲ್ಲ ಮಗಳ ಹೆಸರು ಹೇಳಿದಳು. ಬೇಲಿಯಾಚೆ ಹೊಗೆ, ನಗು, ತಟ್ಟೆಗಳ ಸದ್ದು. ಕಹು ಎರಡೂ ಮುಷ್ಟಿಯಲ್ಲಿ ಮಣ್ಣು ತುಂಬಿಕೊಂಡು ಗುಂಡಿಗೆ ಬಿಟ್ಟಳು.

ಮರುದಿನ ಬೆಳಿಗ್ಗೆ ಕರೆಂಟ್ ಬಂತು. ಮೆರೆಯಾನ ಒದ್ದೆ ಬಟ್ಟೆಗಳ ಬುಟ್ಟಿಯೊಡನೆ ಗ್ಯಾರೇಜಿನಲ್ಲಿದ್ದಾಗ ತಮಾತಿಯ ಫೋನ್ ಬಂತು. ಅವಳು ಬಾಯಿ ತೆರೆಯುವ ಮೊದಲೇ ಅವನು ನಕ್ಕ.

"ಫ್ರೀಜರ್ ಸದ್ದು ಇಲ್ಲಿಗೇ ಕೇಳ್ತಿದೆ. ನಾನು ಹೇಳಲಿಲ್ವಾ, ಸುಮ್ನೆ ಗಾಬರಿಯಾಗಿದ್ದೆ ನೀನು. ಈ ಸಲ ರಜೆಗೆ ಬಂದಾಗ ಎಲ್ಲಿರೋದು ಅಂತ ಕೂತು ತೀರ್ಮಾನ ಮಾಡೇಬಿಡೋಣ."

"ಹೂಂ," ಅಂದಳು. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ಬಗ್ಗಿ ಪ್ಲಗ್ ಕಿತ್ತಳು. ಗುಂಯ್ ಸದ್ದು ನಿಂತಿತು.

"ಯಾಕೆ," ಅಂದ ತಮಾತಿ, "ಮತ್ತೆ ಕರೆಂಟ್ ಹೋಯ್ತಾ?"