ಎರಡನೇ ಕಡ್ಡಿ

ಧಾತ್ರಿ, ಮೈತ್ರಿ ಇಬ್ಬರೂ ನೋಡಲು ಒಂದೇ ಥರ ಇರುವ ಅವಳಿ, ಏಳು ವರ್ಷದವರು. ಒಬ್ಬಳಿಗೆ ಶುರುವಾದ ಜ್ವರ, ಕೆಮ್ಮು ಮಾರನೇ ದಿನ ಇನ್ನೊಬ್ಬಳಿಗೂ ಬಂದಿತ್ತು. ಯಾವ ವೈರಸ್ ಎಂದು ತಿಳಿಯಲು ಡಾಕ್ಟರು ಮೂಗಿನ ಸ್ಯಾಂಪಲ್ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಉದ್ದನೆಯ ಹತ್ತಿಕಡ್ಡಿ ಮೂಗಿನೊಳಗೆ ಹೋಗುತ್ತದೆ ಎಂದು ಕೇಳಿದ್ದೇ ತಡ, ಕೆಂಪು ಸ್ವೆಟರಿನ ಮೈತ್ರಿ ಲ್ಯಾಬಿನ ಬಾಗಿಲಲ್ಲೇ ಅಮ್ಮನನ್ನು ತಬ್ಬಿಕೊಂಡು ಅಳತೊಡಗಿದಳು.

"ಸರಿ, ಮೊದಲು ಧಾತ್ರಿ ಬರಲಿ," ಎಂದರು ಟೆಕ್ನಿಷಿಯನ್ ಸುಲೋಚನಾ.

ಧಾತ್ರಿ ಕುರ್ಚಿಯಲ್ಲಿ ಕೂತು ತಲೆಯನ್ನು ಹಿಂದಕ್ಕೆ ವಾಲಿಸಿದಳು. ಕಡ್ಡಿ ಮೂಗಿನೊಳಗೆ ಹೋಗಿ, ಒಂದು ಸುತ್ತು ತಿರುಗಿ ಹೊರಬಂತು. ಕಣ್ಣಲ್ಲಿ ನೀರು ಬಂದರೂ ಅವಳು ಕಿಟಾರನೆ ಕಿರುಚಲಿಲ್ಲ. ಸುಲೋಚನಾ ಕಡ್ಡಿಯನ್ನು ಟ್ಯೂಬಿಗೆ ಇಳಿಸಿ, ಮೇಲೆ ಅವಳ ಹೆಸರು ಬರೆದರು.

"ಜಾಣೆ! ಈಗ ಹೋಗಿ ನಿನ್ನ ತಂಗಿಗೆ ಧೈರ್ಯ ಹೇಳು."

ಹೊರಗೆ ಅಮ್ಮ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದರು. ಅಕ್ಕತಂಗಿ ಬೆಂಚಿನ ಹಿಂದೆ ಕೂತು ತುಂಬಾ ಹೊತ್ತು ಗುಸುಗುಸು ಮಾತಾಡಿದರು. ಆಮೇಲೆ ಕೆಂಪು ಸ್ವೆಟರಿನ ಹುಡುಗಿ ಒಬ್ಬಳೇ ಒಳಗೆ ಬಂದು, ತಾನಾಗಿಯೇ ಕುರ್ಚಿ ಹತ್ತಿ ಕೂತಳು.

ಸುಲೋಚನಾಗೆ ಆಶ್ಚರ್ಯ. "ಅಳು ಎಲ್ಲಿ ಹೋಯ್ತೇ ಮೈತ್ರಿ? ಅಕ್ಕ ಏನು ಹೇಳಿದಳು?"

"ಏನೂ ಆಗಲ್ಲ ಅಂದಳು."

ಸುಲೋಚನಾ ನಗುತ್ತಾ ಹೊಸ ಕಡ್ಡಿ ಬಿಚ್ಚಿಕೊಂಡು ಬಗ್ಗಿದರು. ಹುಡುಗಿ ಥಟ್ಟನೆ ಅವರ ಕೈ ಹಿಡಿದಳು.

"ಆಂಟಿ, ಈ ಸಲ ಎಡಗಡೆ ಹಾಕಿ. ಬಲಗಡೆ ಇನ್ನೂ ಉರೀತಾ ಇದೆ."